ಓದುಗರ ಪ್ರಶ್ನೋತ್ತರ: ಥೆರಮಿನ್ ಶ್ರುತಿ ಜಾರುವುದೇಕೆ?

ಪ್ರಶ್ನೆ: ನುಡಿಸಲು ಶುರುಮಾಡುವಾಗ ಸರಿಯಾಗಿ ಶ್ರುತಿ ಮಾಡಿಕೊಂಡರೂ ಅರ್ಧ ಗಂಟೆಯಲ್ಲಿ ಎಲ್ಲ ಬದಲಾಗಿರುತ್ತದೆ. ಮೇಲಿನ ಸ್ವರಗಳು ಹೇಗೋ ನಡೆಯುತ್ತವೆ, ಮಂದ್ರ ಮಾತ್ರ ಕೈಗೆ ಸಿಗುವುದಿಲ್ಲ. ವಾದ್ಯ ಕೆಟ್ಟಿದೆಯೇ?

ಕೆಟ್ಟಿಲ್ಲ. ಥೆರಮಿನ್ ಎಂದರೆ ಮುಟ್ಟದೆ, ಆಂಟೆನಾಗಳ ಹತ್ತಿರ ಕೈಯಾಡಿಸಿ ನುಡಿಸುವ ಎಲೆಕ್ಟ್ರಾನಿಕ್ ವಾದ್ಯ. ಥೆರಮಿನ್‌ನ ಸ್ವರದ ಭಾಗದಲ್ಲಿ ವಿದ್ಯುತ್ ಕಂಪನ ಹುಟ್ಟಿಸುವ ಎರಡು ಆಸಿಲೇಟರ್‌ಗಳಿರುತ್ತವೆ. ಒಂದರ ಕಂಪನಾಂಕ ಸ್ಥಿರ. ಇನ್ನೊಂದು ನೆಟ್ಟಗಿನ ಆಂಟೆನಾಕ್ಕೆ ಸೇರಿದ್ದು, ಕೈ ಹತ್ತಿರ ಬಂದಷ್ಟೂ ಅದರ ಕಂಪನಾಂಕ ಇಳಿಯುತ್ತದೆ. ಕಿವಿಗೆ ಕೇಳುವುದು ಇವೆರಡರ ವ್ಯತ್ಯಾಸ. ಮೂಗ್ ಕಂಪನಿಯ ಥೆರಮಿನ್ ಆದ ಈಥರ್‌ವೇವ್‌ನಲ್ಲಿ ಇವು ಸುಮಾರು 285 ಕಿಲೋಹರ್ಟ್ಸ್‌ನಲ್ಲಿ ಓಡುತ್ತವೆ. ಬಿಸಿಯಾಗುತ್ತ ಒಂದು ಆಸಿಲೇಟರ್ ಇನ್ನೊಂದಕ್ಕಿಂತ ಶೇ 0.01ರಷ್ಟು ಹೆಚ್ಚು ಸರಿದರೂ ವ್ಯತ್ಯಾಸಕ್ಕೆ 28 ಹರ್ಟ್ಸ್ ಕೂಡುತ್ತದೆ. 440 ಹರ್ಟ್ಸ್ ಸ್ವರ ಇದರಿಂದ ಅರ್ಧಸ್ವರದಷ್ಟು ಏರುತ್ತದೆ, ಅಷ್ಟೇ. ಆದರೆ 110 ಹರ್ಟ್ಸ್‌ನ ಷಡ್ಜ 138ಕ್ಕೆ ಹೋಗಿ ಅಂತರ ಗಾಂಧಾರವೇ ಆಗಿಬಿಡುತ್ತದೆ! ಮಂದ್ರ ಮೊದಲು ಕೈಕೊಡುವುದು ಇದಕ್ಕೇ. ಶ್ರುತಿ ಪರೀಕ್ಷಿಸುವಾಗಲೂ ಕೆಳಗಿನ ಸ್ವರಗಳನ್ನೇ ನೋಡಿ, ಮೇಲಿನವು ತಪ್ಪನ್ನು ಮುಚ್ಚಿಡುತ್ತವೆ.

ಹಾಗಾಗಿ ವಾದ್ಯವನ್ನು ನುಡಿಸುವ ಜಾಗದಲ್ಲೇ ಇಟ್ಟು, 15–20 ನಿಮಿಷ ಆನ್ ಮಾಡಿ ಬಿಡಿ. ಎಸಿ ಕೋಣೆಯಿಂದ ಸೆಕೆಯಿರುವ ಜಾಗಕ್ಕೆ ತಂದಿದ್ದರೆ ಆನ್ ಮಾಡುವ ಮೊದಲೇ ಇನ್ನಷ್ಟು ಹೊತ್ತು ಕಾಯಿರಿ. ತಣ್ಣಗಿನ ಲೋಹದ ಮೇಲೆ ಸಣ್ಣ ತೇವ ಕೂತಿರುತ್ತದೆ. ಫ್ಯಾನ್ ಗಾಳಿ ಅಥವಾ ವೇದಿಕೆಯ ದೀಪದ ಕಾವು ನೇರ ಪೆಟ್ಟಿಗೆಗೆ ಬೀಳದಿರಲಿ.

ಆಮೇಲೆ, ನುಡಿಸುವಾಗ ಹೇಗೆ ನಿಲ್ಲುತ್ತೀರೋ ಹಾಗೇ ನಿಲ್ಲಿ: ಆಂಟೆನಾದಿಂದ ದೇಹಕ್ಕೆ ಸುಮಾರು 50–60 ಸೆಂ.ಮೀ. ಎಡಗೈಯನ್ನು ವಾಲ್ಯೂಮ್ ಬಳೆಯಿಂದ (ಧ್ವನಿಯ ಜೋರನ್ನು ನಿಯಂತ್ರಿಸುವ ಬಳೆಯಾಕಾರದ ಆಂಟೆನಾ) ಮೇಲೆತ್ತಿ, ಬಲಗೈಯನ್ನು ಭುಜಕ್ಕೆ ತಾಗಿಸಿ. ಈಗ ಶ್ರುತಿ ಹೊಂದಿಸುವ ಪಿಚ್ ನಾಬನ್ನು ಬೇರೆಯವರ ಕೈಯಿಂದ ತಿರುಗಿಸುವುದು ಬೇಡ, ಅವರ ದೇಹವೂ ಲೆಕ್ಕಕ್ಕೆ ಬರುತ್ತದೆ. ನೀವೇ ಒಂದಿಷ್ಟು ತಿರುಗಿಸಿ, ಕೈ ಮತ್ತೆ ಭುಜಕ್ಕೆ ತಂದು ಕೇಳಿ. ಹೀಗೇ ಮಾಡುತ್ತ ಸ್ವರ ಇಳಿದಿಳಿದು ಗುರುಗುಟ್ಟಿ ಮೌನವಾಗುವ ಬಿಂದು ಹಿಡಿಯಿರಿ. ಅಲ್ಲಿಂದ ಕೈ ಚಾಚಿದರೆ ಸ್ವರ ಏರುತ್ತಲೇ ಹೋಗಬೇಕು. ಕಾರ್ಯಕ್ರಮದ ನಡುವೆಯೂ ಎರಡು ಕೃತಿಗಳ ಮಧ್ಯೆ ಕೈ ಭುಜಕ್ಕೆ ತಂದು ಮೌನ ಅಲ್ಲೇ ಇದೆಯೇ ಎಂದು ನೋಡಿದರೆ ಸಾಕು.

ಪ್ರಶ್ನೆ: ಕೈ ಹತ್ತಿರ ತಂದಾಗ ಸ್ವರ ಮೊದಲು ಇಳಿದು, ಆಮೇಲೆ ಏರುತ್ತದೆ.

ಮೌನದ ಬಿಂದುವನ್ನು ದಾಟಿ ಆಚೆ ಬದಿಗೆ ಹೋಗಿದ್ದೀರಿ. ನಾಬನ್ನು ನಿಧಾನವಾಗಿ ಹಿಂದಕ್ಕೆ ತನ್ನಿ.

ಪ್ರಶ್ನೆ: ಮನೆಯಲ್ಲಿ ಚೆನ್ನಾಗಿರುತ್ತದೆ, ಸಭಾಂಗಣದಲ್ಲಿ ಸ್ವರಗಳ ಅಂತರವೇ ಬೇರೆ. ಕೇಬಲ್ ಮುಟ್ಟಿದರೂ ಸ್ವರ ಜಿಗಿಯುತ್ತದೆ.

ಎರಡನೆಯ ಲಕ್ಷಣವನ್ನು ಮೊದಲು ನೋಡೋಣ, ಅದು ಅರ್ತಿಂಗ್ ದೋಷ. ಎರಡು ಪಿನ್ನಿನ ಅಡಾಪ್ಟರ್ ಬಳಸಿದರೆ ವಾದ್ಯಕ್ಕೆ ಭೂಸಂಪರ್ಕ ಇರುವುದಿಲ್ಲ. ಆಗ ಕೇಬಲ್, ಸ್ಟ್ಯಾಂಡ್, ಮುಟ್ಟಿದವರ ಮೈ ಎಲ್ಲವೂ ಆ ಜಾಗ ತುಂಬಲು ಬರುತ್ತವೆ. ಮೂರು ಪಿನ್ನಿನ, ಅರ್ತ್ ಸರಿಯಿರುವ ಆಂಪ್ಲಿಫೈಯರಿಗೆ ಆಡಿಯೊ ಕೇಬಲ್ ಜೋಡಿಸಿದರೆ ಕೇಬಲ್ಲಿನ ಹೊರಕವಚದ ಮೂಲಕ ಅರ್ತ್ ಸಿಗುತ್ತದೆ. ಬ್ಯಾಟರಿ ಸ್ಪೀಕರ್ ಬಳಸುವವರಿಗೇ ಈ ತೊಂದರೆ ಹೆಚ್ಚು. ಗೋಡೆಯ ಸಾಕೆಟ್ಟಿಗೆ ಬಿಡಿ ತಂತಿ ತುರುಕುವ ಸಾಹಸ ಮಾತ್ರ ಬೇಡ.

ಇನ್ನು ಅಂತರದ ಮಾತು. ಬಾಗಿದ ಮೈಕ್ ಸ್ಟ್ಯಾಂಡ್, ಕಬ್ಬಿಣದ ಕುರ್ಚಿ, ಪಕ್ಕದಲ್ಲಿ ಕುಳಿತ ವಾದಕ ಎಲ್ಲರೂ ಆಂಟೆನಾಕ್ಕೆ ಕೈಯಂತೆಯೇ ಕಾಣುತ್ತಾರೆ. ಕೈಯಿಂದ ಆಂಟೆನಾದ ಧಾರಕತೆಯಲ್ಲಿ (ವಿದ್ಯುದಾವೇಶ ಹಿಡಿದಿಡುವ ಗುಣದಲ್ಲಿ) ಆಗುವ ಬದಲಾವಣೆಯೇ ಒಂದು ಪಿಕೋಫ್ಯಾರಡ್‌ನ ಆಸುಪಾಸಿನದು. ಸುತ್ತ ಕನಿಷ್ಠ ಒಂದೂವರೆ ಮೀಟರ್ ಖಾಲಿ ಇರಲಿ. ಖಾಲಿ ಮಾಡಲಾಗದ ಲೋಹವಿದ್ದರೆ ಅದು ಕದಲದಂತೆ ಮಾಡಿ ಶ್ರುತಿ ಮಾಡಿ. ನಿಂತ ಲೋಹಕ್ಕಿಂತ ಓಡಾಡುವ ಮನುಷ್ಯ ಹೆಚ್ಚು ಅಪಾಯಕಾರಿ. ಇನ್ನೊಂದು ಥೆರಮಿನ್ ಇದ್ದರೆ ಹಲವು ಮೀಟರ್ ದೂರವಿಡಿ, ಇಲ್ಲದಿದ್ದರೆ ಎರಡೂ ಸೇರಿ ಸಿಳ್ಳೆ ಹಾಕುತ್ತವೆ.

ಪ್ರಶ್ನೆ: ನಾಬ್ ಕೊನೆಯವರೆಗೆ ತಿರುಗಿಸಿದರೂ ಮೌನ ಸಿಗುತ್ತಿಲ್ಲ. ಒಳಗಿನ ಕಾಯಿಲ್ ತಿರುಗಿಸಬಹುದೇ?

ಮೇಲಿನದನ್ನೆಲ್ಲ ಮಾಡಿ, ಖಾಲಿ ಜಾಗದಲ್ಲಿ, ವಾದ್ಯ ಕಾದ ಮೇಲೂ ಸಿಗದಿದ್ದರೆ ಮಾತ್ರ. ನಾಬನ್ನು ನಡುವಿಗೆ ತನ್ನಿ. ಸ್ವರದ ಆಸಿಲೇಟರಿನ ಕಾಯಿಲಿನ (ತಂತಿಸುರುಳಿಯ) ಒಳಗಿರುವ, ತಿರುಗಿಸಬಹುದಾದ ಫೆರೈಟ್ ತಿರುಳು ಈಗ ಎಲ್ಲಿದೆಯೆಂದು ಪೆನ್ನಿನಿಂದ ಗುರುತು ಹಾಕಿ. ಪ್ಲಾಸ್ಟಿಕ್ ಟ್ಯೂನಿಂಗ್ ಕಡ್ಡಿಯೇ ಬೇಕು. ಉಕ್ಕಿನ ಸ್ಕ್ರೂಡ್ರೈವರ್ ಒಳಗಿರುವಾಗ ಒಂದು ಶ್ರುತಿ, ತೆಗೆದಾಗ ಇನ್ನೊಂದು. ತಿರುಳು ಒರಟಾಗಿ ತಿರುಗಿಸಿದರೆ ಬಿರುಕುಬಿಡುತ್ತದೆ. ಒಮ್ಮೆಗೆ ಎಂಟನೇ ಒಂದು ಸುತ್ತು ಮೀರಬೇಡಿ, ಪ್ರತಿ ಸಲ ಮುಚ್ಚಳ ಮುಚ್ಚಿಯೇ ಕೇಳಿ. ಪಿಚ್ ಆಂಟೆನಾದ ಬೆನ್ನಿಗಿರುವ ಸಾಲು ಕಾಯಿಲುಗಳು ಬೇರೆ, ಅವು ಸ್ವರಗಳ ನಡುವಿನ ಅಂತರ ಸಮವಾಗಿರಲು ಇರುವಂಥವು. ಅವಕ್ಕೆ ಕೈ ಹಾಕಬೇಡಿ.