ಮೆಟೀರಿಯಲ್ಸ್ ಪಿಎಚ್‌.ಡಿ.: ಪ್ರೊಫೆಸರ್‌ಗಳಿಂದ ಉತ್ತರ ಬರದಿದ್ದರೆ

ನಿಖರ ಅಳತೆ ಮತ್ತು ಮೆಟೀರಿಯಲ್ಸ್ (ವಸ್ತು ವಿಜ್ಞಾನ) ಎರಡೂ ಸೇರಿದ ಪಿಎಚ್‌.ಡಿ. ಮಾಡಬೇಕು, ಆದರೆ ಶಿವಮೊಗ್ಗದಿಂದ ಪ್ರೊಫೆಸರ್‌ಗಳಿಗೆ ಕಳಿಸಿದ ಯಾವ ಮೇಲ್‌ಗೂ ಉತ್ತರ ಬಂದಿಲ್ಲ ಅಂದಿರಿ. ಕಾರಣ ಬಹುಶಃ ಅಂಕ ಅಲ್ಲ, ಎಲ್ಲರಿಗೂ ಒಂದೇ ಮೇಲ್ ಹೋಗಿರುವುದು. ನಿಮ್ಮ ಮೇಲ್ ನಾನು ನೋಡಿಲ್ಲ, ಹಾಗಾಗಿ ಇದು ಊಹೆ. 'ನಿಖರ ಅಳತೆ ಮತ್ತು ಮೆಟೀರಿಯಲ್ಸ್‌ನಲ್ಲಿ ಆಸಕ್ತಿ' ಅಂದರೆ ಯಾರಿಗೂ ಏನೂ ಗೊತ್ತಾಗುವುದಿಲ್ಲ.

ಮೊದಲು ಪ್ರಶ್ನೆಯನ್ನು ಸಣ್ಣದು ಮಾಡಿ. ನಿಮ್ಮ ಎಂ.ಟೆಕ್. ಕೆಲಸ ಅಡಿಕೆ ಸಿಪ್ಪೆಯ ನಾರಿನ ಕಾಂಪೊಸಿಟ್ (ನಾರನ್ನು ಇನ್ನೊಂದು ವಸ್ತುವಿನ ಜೊತೆ ಸೇರಿಸಿ ಮಾಡಿದ ವಸ್ತು) ಅಲ್ವಾ? ಅದರ ಬಲ ಎಷ್ಟು ಅಂತ ಸುಮಾರು ಜನ ಬರೆದಾಗಿದೆ. ತೇವ ಹೀರಿದಾಗ ಅದು ಎಷ್ಟು ಮೈಕ್ರೋಮೀಟರ್ ಊದುತ್ತದೆ, ಆ ಅಳತೆಯನ್ನು ಎಷ್ಟರ ಮಟ್ಟಿಗೆ ನಂಬಬಹುದು ಎಂದು ಕೇಳಿ. ಅಳತೆ, ಮೆಟೀರಿಯಲ್ಸ್ ಎರಡೂ ಒಂದೇ ಪ್ರಶ್ನೆಯಲ್ಲಿ ಬಂದವು. ತೇವಕ್ಕಂತೂ ಮಲೆನಾಡಿನಲ್ಲಿ ಬರವಿಲ್ಲ.

ಆಮೇಲೆ ಜಾಗ. ಅಳತೆ ಮುಖ್ಯವಾದರೆ ದೆಹಲಿಯ ರಾಷ್ಟ್ರೀಯ ಭೌತಿಕ ಪ್ರಯೋಗಾಲಯ, ಅಲ್ಲಿ ಪಿಎಚ್‌.ಡಿ. ಪ್ರವೇಶ ಎಸಿಎಸ್‌ಐಆರ್ (ಸಿಎಸ್‌ಐಆರ್ ಪ್ರಯೋಗಾಲಯಗಳಲ್ಲಿ ಪಿಎಚ್‌.ಡಿ. ನಡೆಸುವ ಅಕಾಡೆಮಿ) ಮೂಲಕ. ಮೆಟೀರಿಯಲ್ಸ್ ಮುಖ್ಯವಾದರೆ ಸುರತ್ಕಲ್‌ನ ಎನ್‌ಐಟಿಕೆ, ಬೆಂಗಳೂರಿನ ಐಐಎಸ್‌ಸಿ. ಗೇಟ್ ಪರೀಕ್ಷೆಯ ಅಂಕ ಅಥವಾ ಜೆಆರ್‌ಎಫ್ (ಸಂಶೋಧನಾ ಫೆಲೋಶಿಪ್) ಕೈಯಲ್ಲಿರಲಿ. ಜರ್ಮನಿಯಲ್ಲಾದರೆ ಎಷ್ಟೋ ಪಿಎಚ್‌.ಡಿ.ಗಳು ಸಂಬಳದ ಹುದ್ದೆಗಳು. ಬ್ರೌನ್‌ಶ್ವೈಗ್‌ನಲ್ಲಿರುವ ಪಿಟಿಬಿಯ (ಜರ್ಮನಿಯ ರಾಷ್ಟ್ರೀಯ ಅಳತೆ ಸಂಸ್ಥೆ) ಜಾಹೀರಾತು ನೋಡಿ ಹುದ್ದೆಗೇ ಅರ್ಜಿ ಹಾಕಿ, ಸುಮ್ನೆ ಮೇಲ್ ಬೇಡ.

ಹೊಸ ಮೇಲ್ ಹತ್ತು ಸಾಲು ಸಾಕು: ಅವರ ಯಾವ ಪ್ರಬಂಧ ಓದಿದಿರಿ, ನಿಮ್ಮ ಪ್ರಶ್ನೆ ಏನು, ಯಾವ ಉಪಕರಣ ಕೈಯಾರೆ ಬಳಸಿದ್ದೀರಿ. ಎರಡು ವಾರ ಬಿಟ್ಟು ಒಮ್ಮೆ ನೆನಪಿಸಿ.