ಪ್ರತಿಕ್ರಿಯೆ: ಪುಣೆಯಲ್ಲಿ ಡಿಪಾಸಿಟ್ ವಾಪಸ್ ಕೊಡದ ಓನರ್
ಹಿಂಜವಡಿಯ ಮನೆ ಖಾಲಿ ಮಾಡಿದರೂ ಪೇಂಟಿಂಗ್ ನೆಪ ಹೇಳಿ ಡಿಪಾಸಿಟ್ ಕೊಡುತ್ತಿಲ್ಲ ಅಂದಿರಿ. ಬೀಗದಕೈ ಒಪ್ಪಿಸುವಾಗ ಬರಹದಲ್ಲಿ ಏನೂ ಆಗದಿದ್ದದ್ದೇ ಅವರಿಗೆ ಧೈರ್ಯ ಕೊಟ್ಟಿರಬೇಕು. ನನ್ನ ಓನರೂ ಇದೇ ರಾಗ ಎಳೆದಿದ್ದರು.

ಮೊದಲು ಲೀವ್ ಅಂಡ್ ಲೈಸೆನ್ಸ್ ಕರಾರಿನಲ್ಲಿ (ಅಂದರೆ ಮನೆ ಬಾಡಿಗೆ ಒಪ್ಪಂದದಲ್ಲಿ) ಪೇಂಟಿಂಗ್ ಷರತ್ತು ಇದೆಯಾ ನೋಡಿ. ಇದ್ದರೆ ಪೇಂಟಿಂಗ್ ಖರ್ಚಿನಷ್ಟು ಬಿಡಬೇಕಾದೀತು, ಕರಾರು ಓದದೆ ಖಚಿತವಾಗಿ ಹೇಳಲಾರೆ. ಕರಾರು ನೋಂದಣಿ ಆಗಿಲ್ಲವೆಂದು ಹೆದರಬೇಡಿ: 1999ರ ಮಹಾರಾಷ್ಟ್ರ ಬಾಡಿಗೆ ನಿಯಂತ್ರಣ ಕಾಯ್ದೆಯ 55ನೇ ಕಲಮಿನಂತೆ ನೋಂದಣಿ ಮಾಡಿಸುವುದು ಓನರ್ ಹೊಣೆ.

ಡಿಪಾಸಿಟ್ ಕಟ್ಟಿದ ಬ್ಯಾಂಕ್ ಸ್ಟೇಟ್‌ಮೆಂಟ್, ಡಿಪಾಸಿಟ್ ಬಗ್ಗೆ ಓನರ್ ಜೊತೆಗಿನ ವಾಟ್ಸಾಪ್ ಮೆಸೇಜು ತೆಗೆದಿಟ್ಟು, 15 ದಿನದ ಗಡುವು ಕೊಟ್ಟು ವಕೀಲರಿಂದ ಸ್ಪೀಡ್ ಪೋಸ್ಟಿನಲ್ಲಿ ನೋಟಿಸ್ ಕಳಿಸಿ. ಬಹಳ ಜನ ಇಷ್ಟಕ್ಕೇ ಮೆತ್ತಗಾಗುತ್ತಾರೆ. ಪೊಲೀಸ್ ಸ್ಟೇಷನ್ ಅಲೆಯಬೇಡಿ, ಸಿವಿಲ್ ಮ್ಯಾಟರ್ ಅಂತ ಸಾಗಹಾಕುತ್ತಾರೆ.

ಜಗ್ಗದಿದ್ದರೆ ಶಿವಾಜಿನಗರದ ಜಿಲ್ಲಾ ನ್ಯಾಯಾಲಯದಲ್ಲಿ ಕಾನೂನು ಸೇವಾ ಪ್ರಾಧಿಕಾರಕ್ಕೆ ಅರ್ಜಿ ಕೊಡಿ. ಕೇಸಿಗೆ ಮುಂಚೆಯೇ ಲೋಕ ಅದಾಲತ್‌ನಲ್ಲಿ ಇಬ್ಬರನ್ನೂ ಕೂರಿಸಿ ಮಾತಾಡಿಸುತ್ತಾರೆ. ಅಲ್ಲೂ ಆಗದಿದ್ದರೆ ಸಿವಿಲ್ ದಾವೆ, 3 ವರ್ಷದೊಳಗೆ.