ಕಾಲೇಜಿನಿಂದ ‘ಪಾಸ್ ಔಟ್’ ಆದೆ ಎನ್ನುವುದು ತಪ್ಪೇ?

ವಿದೇಶಿ ಕಂಪನಿಯ ಸಂದರ್ಶನದಲ್ಲಿ ನೀವು ‘ಐ ಪಾಸ್ಡ್ ಔಟ್ ಇನ್ 2019’ ಎಂದಾಗ ಎದುರಿಗಿದ್ದವರು ನಗು ತಡೆದುಕೊಂಡರೆಂದೂ, ಇದರಲ್ಲಿ ತಪ್ಪೇನೆಂದೂ ಕೇಳಿದ್ದೀರಿ. ವ್ಯಾಕರಣದ ತಪ್ಪೇನೂ ಇಲ್ಲ. ಆದರೆ ಅಮೆರಿಕದವರಿಗಾಗಲಿ ಇಂಗ್ಲೆಂಡಿನವರಿಗಾಗಲಿ ಆ ವಾಕ್ಯ ಕೇಳಿದೊಡನೆ ಹೊಳೆಯುವ ಅರ್ಥ ‘2019ರಲ್ಲಿ ನಾನು ಎಚ್ಚರ ತಪ್ಪಿ ಬಿದ್ದೆ’ ಎಂಬುದು.

ಬಿಸಿಲಿನ ಝಳಕ್ಕೆ ತಲೆಸುತ್ತಿ ಬೀಳುವುದು, ರಕ್ತ ಕಂಡು ಪ್ರಜ್ಞೆ ತಪ್ಪುವುದು, ಕುಡಿದು ಮೈಮೇಲೆ ಎಚ್ಚರವಿಲ್ಲದೆ ಒರಗಿಬಿಡುವುದು, ಇವೆಲ್ಲವೂ ಅವರಿಗೆ ‘ಪಾಸ್ ಔಟ್’. ನಮ್ಮ ‘ಕೈಕೊಡು’ ಎಂಬ ಮಾತನ್ನು ಕೈ, ಕೊಡು ಎಂದು ಬಿಡಿಸಿ ನೋಡಿದರೆ ಮೋಸದ ಅರ್ಥ ಹೇಗೆ ಸಿಗುವುದಿಲ್ಲವೋ, ಹಾಗೆಯೇ ಇಲ್ಲಿಯೂ ‘ಪಾಸ್’, ‘ಔಟ್’ ಎರಡನ್ನೂ ಬೇರೆಬೇರೆಯಾಗಿ ಬಲ್ಲವರಿಗೆ ಒಟ್ಟರ್ಥ ದಕ್ಕುವುದಿಲ್ಲ. ಅಮೆರಿಕದಲ್ಲಿ ಇದಕ್ಕೆ ಹಂಚುವುದು ಎಂಬ ಅರ್ಥವೂ ಇದೆ: ‘ದ ಟೀಚರ್ ಪಾಸ್ಡ್ ಔಟ್ ದ ಪೇಪರ್ಸ್’. ಅಲ್ಲಿ ಪೇಪರ್ಸ್ ಬದಲಿಗೆ ‘ದೆಮ್’ ಬಂದರೆ ಅದು ನಡುವೆಯೇ ಕೂರಬೇಕು, ‘ಪಾಸ್ಡ್ ದೆಮ್ ಔಟ್’ ಎಂದು. (‘ಪಾಸ್ ಅವೇ’ ಎಂದರೆ ತೀರಿಕೊಳ್ಳುವುದು, ಇವೆರಡು ಅದಲುಬದಲಾದರೆ ಅನಾಹುತ.)

ಹಾಗೆಂದು ನಮ್ಮ ಬಳಕೆಗೆ ಬುಡವೇ ಇಲ್ಲವೆನ್ನಲಾಗದು. ಸೇನೆಯ ಅಥವಾ ಪೊಲೀಸ್ ತರಬೇತಿ ಮುಗಿಸಿ ಹೊರಬರುವುದಕ್ಕೆ ಬ್ರಿಟಿಷ್ ಇಂಗ್ಲಿಷಿನಲ್ಲಿ ಇದೇ ಮಾತಿದೆ. ಡೆಹ್ರಾಡೂನಿನ ಭಾರತೀಯ ಸೇನಾ ಅಕಾಡೆಮಿಯಲ್ಲಿ ಜೂನ್ ಮತ್ತು ಡಿಸೆಂಬರ್ ತಿಂಗಳುಗಳಲ್ಲಿ ನಡೆಯುವುದು ‘ಪಾಸಿಂಗ್ ಔಟ್ ಪರೇಡ್’. ಭಾರತದಲ್ಲಿ ಆ ಮಾತು ಕಾಲೇಜುಗಳಿಗೂ ಹರಡಿತು. ‘ಪಾಸಾಗು’ ಎಂಬುದು ಕನ್ನಡದ ಕ್ರಿಯಾಪದವೇ ಆಗಿಹೋಗಿರುವುದರಿಂದ, ‘ಪಾಸಾಗಿ ಹೊರಬಂದೆ’ ಎಂದು ಮನಸ್ಸಿನಲ್ಲಿ ಅಂದುಕೊಳ್ಳುವ ನಮಗೆ ಅದು ಸಹಜವಾಗಿಯೇ ಕೇಳಿಸುತ್ತದೆ. ಬೆಂಗಳೂರಿನ ಉದ್ಯೋಗ ಜಾಹೀರಾತುಗಳಲ್ಲಂತೂ ‘2023 ಪಾಸೌಟ್’ ಎಂದು ಅದು ನಾಮಪದವೂ ಆಗಿದೆ. ಇದನ್ನು ಭಾರತೀಯ ಇಂಗ್ಲಿಷಿನ ಒಂದು ಬಳಕೆಯೆಂದು ಒಪ್ಪಿಕೊಳ್ಳಲು ನನಗೆ ಯಾವ ಮುಜುಗರವೂ ಇಲ್ಲ.

ಹೊರದೇಶದವರೊಡನೆ ಮಾತ್ರ ‘ಐ ಗ್ರಾಜುಯೇಟೆಡ್ ಇನ್ 2019’ ಎನ್ನಿ; ಕಾಲೇಜಿನ ಹೆಸರು ಹೇಳುವುದಾದರೆ ಅದಕ್ಕೆ ಮೊದಲು ‘ಫ್ರಮ್’ ಇರಲಿ. ಪರೀಕ್ಷೆಯ ಮಾತಾದರೆ ‘ಐ ಪಾಸ್ಡ್ ದ ಎಕ್ಸಾಮ್’ ಸಾಕು, ಅಲ್ಲಿ ‘ಔಟ್’ ಬೇಡ. ಪಿಯುಸಿ ಮುಗಿಸಿದ್ದಕ್ಕೆ ‘ಗ್ರಾಜುಯೇಟೆಡ್’ ಎಂದರೆ ಇಂಗ್ಲೆಂಡಿನವರು ಪದವಿಯೆಂದೇ ತಿಳಿದಾರು. ಅದಕ್ಕೆ ‘ಫಿನಿಶ್ಡ್’ ಎಂಬುದೇ ಲೇಸು.